ಬೇವು ಕಹಿಯಾದರೆ ವಿಷವಿಲ್ಲ

ನನ್ನ ಸೋದರಮಾವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅದನ್ನು ಹೇಳಿಬಿಟ್ಟೇ ಶುರುಮಾಡುತ್ತೇನೆ.

ಎರಡನೇ ಮಹಾಯುದ್ಧದ ಕಾಲ. ಕಣಕಟ್ಟೆ ಕಡೆಯ ನಮ್ಮ ಹಳ್ಳಿಯಲ್ಲಿ ಹಾವಿನ ಮಂತ್ರ ಹಾಕುತ್ತಿದ್ದವರು ಅಮ್ಮನ ಅಣ್ಣನೇ. ಒಂದು ಬೆಳಿಗ್ಗೆ, ಕೊಬ್ಬರಿ ಅಟ್ಟದ ಕೆಳಗೆ ಮಲಗಿದ್ದ ನನ್ನಣ್ಣ ಎದ್ದು, ಕೈಗೆ ಏನೋ ಚುಚ್ಚಿತು ಎಂದ. ಊತವಿಲ್ಲ, ನೋವೂ ಇಲ್ಲ. ಚಾಪೆ ಕೊಡವಿದರೆ ಕಟ್ಟುಹಾವು, ಕಪ್ಪು ಮೈಮೇಲೆ ಬಿಳಿ ಪಟ್ಟೆ. ಹಾವಿನ ವಿಷಕ್ಕೆ ಇಂಜೆಕ್ಷನ್ ಬಂದಿದೆಯೆಂದು ಅಪ್ಪ ಸಂತೆಯಲ್ಲಿ ಕೇಳಿದ್ದರು. ಅರಸೀಕೆರೆ ಆಸ್ಪತ್ರೆಗೆಂದು ತಕ್ಷಣ ಗಾಡಿ ಕಟ್ಟಿದರು.

ಮಾವ ಬಂದವರೇ ಎತ್ತು ಬಿಚ್ಚಿಸಿದರು. "ಊರ ಗಡಿ ದಾಟಿದ್ರೆ ಮಂತ್ರ ಕೆಡ್ತೈತೆ. ನಾನಿಲ್ವಾ ಭಾವ?" ಎಂದು ಅಣ್ಣನ ಬಾಯಿಗೆ ಬೇವಿನೆಲೆ ಇಟ್ಟರು. ವಿಷ ಏರಿದವರಿಗೆ ಬೇವಿನ ಕಹಿ ಗೊತ್ತಾಗುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಣ್ಣ ಮುಖ ಕಿವುಚಿ "ಥೂ, ಕಹಿ" ಎಂದ. ಅಮ್ಮ ನಕ್ಕೇಬಿಟ್ಟಳು.

ಬಿಸಿಲೇರುವಷ್ಟರಲ್ಲಿ ಅವನ ರೆಪ್ಪೆಗಳು ಜೋತುಬಿದ್ದವು. ನನ್ನನ್ನು ನೋಡಲು ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದ. ಕುಡಿಸಿದ ನೀರು ಗಂಟಲಲ್ಲಿ ಇಳಿಯಲಿಲ್ಲ. "ನಿದ್ದೆ ಕಣವ್ವ, ವಿಷ ಇಳೀತಾ ಐತೆ" ಎಂದರು ಮಾವ. ಮಧ್ಯಾಹ್ನದೊಳಗೆ ಅಣ್ಣನ ಉಸಿರು ನಿಂತಿತು.

ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ. ಆ ಹಾವಿನ ವಿಷದಲ್ಲಿ ಒಂದು ಕಿಣ್ವವಿದೆಯಂತೆ. ನರದ ತುದಿಯನ್ನು ಸುತ್ತಿರುವ ತೆಳುಪೊರೆಯ ಕೊಬ್ಬನ್ನೇ ಅದು ಕತ್ತರಿಸುತ್ತದೆ. ಪೊರೆ ಕೆಟ್ಟಿತೆಂದರೆ ನರ ಹೇಳಿದ್ದು ಸ್ನಾಯುವಿಗೆ ಮುಟ್ಟುವುದಿಲ್ಲ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರು. ನಾಲಿಗೆಯ ರುಚಿಯ ತಂಟೆಗೆ ಮಾತ್ರ ಅದು ಹೋಗುವುದಿಲ್ಲ. ಬೇವು ಅಣ್ಣನಿಗೆ ನಿಜವಾಗಿಯೂ ಕಹಿಯಾಗಿತ್ತು, ಅವನು ಸಾಯುತ್ತಲೂ ಇದ್ದ.

ಮಾವನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಮಂತ್ರವನ್ನು ನಂಬಿದ್ದರು, ಕೈಲಾದದ್ದು ಮಾಡಿದರು ಎಂದು ಅಮ್ಮ ಸಮಾಧಾನ ಮಾಡಿಕೊಂಡಿದ್ದಳು. ಮರುವರ್ಷ ತೋಟದಲ್ಲಿ ಮಾವನಿಗೇ ನಾಗರಹಾವು ಕಚ್ಚಿತು. ನಮ್ಮ ಅಂಗಳಕ್ಕೆ ಬಂದು ಕುಸಿದರು. "ಗಾಡಿ ಕಟ್ಟಿ ಭಾವ, ಅರಸೀಕೆರೆಗೆ ಬಿಡಿ!"

ಅಮ್ಮ ಬಾಗಿಲಲ್ಲೇ ನಿಂತು ಕೇಳಿದಳು. "ಗಡಿ ದಾಟಿದ್ರೆ ಮಂತ್ರ ಕೆಡಾಕಿಲ್ವಾ ಅಣ್ಣಯ್ಯ?"

"ಜೀವ ಹೋಗ್ತೈತೆ ಕಣವ್ವ, ಮಂತ್ರ ಕಟ್ಕೊಂಡು ಏನ್ ಮಾಡ್ಲಿ?"

ಅಪ್ಪ ಎತ್ತು ಹೂಡಿ, ಮಾವನನ್ನು ಮಲಗಿಸಿಕೊಂಡು ಗಾಡಿ ಹೊಡೆದುಕೊಂಡು ಹೋದರು. ಮಾವ ಬದುಕಿ ಬಂದರು. ಆ ಸಲದ ಗೌರಿಹಬ್ಬಕ್ಕೆ ಅವರು ಕಳಿಸಿದ ತವರಿನ ಬಾಗಿನವನ್ನು ಅಮ್ಮ ಮುಟ್ಟದೆ, ಹೊಸ್ತಿಲಿಂದಲೇ ವಾಪಸು ಕಳಿಸಿದಳು.