ಕುಂಬಾರವಾಡದ ವಸ್ತಿ

ಮುದಕಪ್ಪನವರ ಹಿರಿಯ ಮಗಳು ಸ್ವಪ್ನಾ ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದಾಗ ದಾಂಡೇಲಿಯ ನಮ್ಮ ಓಣಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಸವದತ್ತಿಯ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದ ಮನೆತನ ಅದು. ಹೆಣ್ಣುಮಕ್ಕಳು ದುಡಿಯುವುದು ಅವರಿಗೆ ಹೊಸದಲ್ಲ. ಮಾತು ಹುಟ್ಟಿದ್ದು, ಅವಳು ತಾನಾಗಿಯೇ ಕೇಳಿ ವಸ್ತಿ ಡ್ಯೂಟಿ ಹಾಕಿಸಿಕೊಂಡಾಗ. ಮಧ್ಯಾಹ್ನದ ಮೇಲೆ ಹೊರಟ ಬಸ್ಸು ಜೋಯಿಡಾ ದಾಟಿ, ಕಾಡು ದಾಟಿ ಕುಂಬಾರವಾಡ ಮುಟ್ಟಿ, ರಾತ್ರಿ ಅಲ್ಲಿಯೇ ತಂಗಿ, ಬೆಳಗಿನ ಮೊದಲ ಗಾಡಿಯಾಗಿ ಹಿಂತಿರುಗುತ್ತದೆ. ಡ್ರೈವರ್ ಬಸ್ಸಿನಲ್ಲಿ ಮಲಗುತ್ತಾನೆ. ಸ್ವಪ್ನಾ ಎದುರಿಗಿರುವ ಗೋದುಬಾಯಿ ಎಂಬ ಒಂಟಿ ಮುದುಕಿಯ ಮನೆಯಲ್ಲಿ ಉಳಿಯುತ್ತಾಳೆ. ಗಂಡಸರು ತಪ್ಪಿಸಿಕೊಳ್ಳಲು ಹವಣಿಸುವ ಆ ಪಾಳಿ ಅವಳಿಗೆ ವಾರಕ್ಕೆರಡು ಸಲ ಬೇಕಿತ್ತು.

ಏಕೆಂದು ಒಮ್ಮೆ ನಾನು ಕೇಳಿದ್ದೆ. ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಮೊದಲು ಕೂಗುವುದು ತನ್ನ ಹೆಸರನ್ನೇ ಎಂದಳು. ಗೋದುಬಾಯಿಯ ಮನೆಯಲ್ಲಿ ಕೈತೊಳೆದು ಕುಳಿತರೆ ತಟ್ಟೆ ತಾನಾಗಿ ಮುಂದೆ ಬರುತ್ತದೆ. ಉಂಡ ಮೇಲೆ ಕಟ್ಟೆಯ ಮೇಲೆ ಸುಮ್ಮನೆ ಕೂರಬಹುದು. ಮುದುಕಿ ಏನನ್ನೂ ಕೇಳುವುದಿಲ್ಲ. ತನಗೆ ಖಾರ ಸೇರುವುದಿಲ್ಲ ಎಂಬುದು ಕೂಡ ಇಪ್ಪತ್ತೇಳು ತುಂಬಿದ ಮೇಲೆ ಅಲ್ಲಿಯೇ ತಿಳಿಯಿತಂತೆ. ಅದುವರೆಗೆ ಮನೆಯವರ ನಾಲಗೆಯನ್ನೇ ತನ್ನದೆಂದುಕೊಂಡಿದ್ದಳು.

ಅವಳು ಮೆಚ್ಚಿದ್ದು ತೇರಗಾಂವದ ಬಾಳೇಶನನ್ನು. ಜೋಯಿಡಾದಲ್ಲಿ ಲೈನ್‌ಮನ್, ವಸ್ತಿಯಿಲ್ಲದ ದಿನ ಅವಳ ಬೆಳಗಿನ ಬಸ್ಸಿನಲ್ಲಿಯೇ ಕೆಲಸಕ್ಕೆ ಹೋಗುತ್ತಿದ್ದ. ಅವನದು ಬೇರೆ ಒಳಪಂಗಡ ಎಂದು ಮುದಕಪ್ಪನವರು ಎರಡು ವರ್ಷ ಮುಖ ತಿರುಗಿಸಿದರು. ಅವಳು ಬಂದ ಗಂಡುಗಳಿಗೆಲ್ಲ ಚಹಾ ಕೊಟ್ಟು, ಅವರೆದುರಿಗೇ ಬಾಳೇಶನ ಹೆಸರು ಹೇಳಿ ಕಳಿಸಿದಳು. ಕೊನೆಗೆ ಮುದಕಪ್ಪನವರು ಸೋತು ನಿಶ್ಚಯಕ್ಕೆ ದಿನ ಗೊತ್ತುಮಾಡಿದರು. ಎಲ್ಲವೂ ಮುಗಿಯಿತೆಂದು ಓಣಿಯವರೆಲ್ಲ ಭಾವಿಸಿದ್ದೆವು.

ಅಂದು ನಾನೂ ಹೆಂಗಸರ ಸಾಲಿನಲ್ಲಿದ್ದೆ. ಬಾಳೇಶನ ತಾಯಿ ನೀಲಕ್ಕ ಉಡಿ ತುಂಬಲು ಕುಳಿತರು. ಸ್ವಪ್ನಾ ಸೆರಗೊಡ್ಡಿದಳು. ಎರಡು ಬೊಗಸೆ ಅಕ್ಕಿ ಬಿದ್ದಿತ್ತು. ಮೂರನೆಯದನ್ನು ಎತ್ತುತ್ತ ನೀಲಕ್ಕ ಮೃದುವಾಗಿಯೇ ಹೇಳಿದರು:

“ನೌಕರಿ ಮಾಡವಾ, ಬ್ಯಾಡನ್ನೂದಿಲ್ಲ. ಆದರ ಇನ್ನ ಮ್ಯಾಲ ಆ ವಸ್ತಿ ಗಿಸ್ತಿ ಬ್ಯಾಡ. ಹೊತ್ತು ಮುಣಗೂದ್ರಾಗ ಮನಿಗೆ ಬಾ.”

ಸ್ವಪ್ನಾ ಸೆರಗನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು. ಒಂದು ಕಾಳೂ ಚೆಲ್ಲಲಿಲ್ಲ. ನೀಲಕ್ಕನ ತುಂಬಿದ ಬೊಗಸೆ ಹಾಗೆಯೇ ನಿಂತಿತು.

“ಉಳಿದದ್ದು ಆಮ್ಯಾಲ ಹಾಕ್ರಿ ಅತ್ತಿ. ಮೊದಲ ಈ ಮಾತು ಮುಗಸೂಣು.”

ಮುದಕಪ್ಪನವರು ಸೆರಗು ಬಿಚ್ಚೆಂದು ಗದರಿದರು. ಅವಳು ಬಿಚ್ಚಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, ಕಂಡಕ್ಟರಬಾಯಿ ರೈಟ್ ಹೇಳದೆ ಗಾಡಿ ಹೊರಡುವುದಿಲ್ಲವೆಂದು ಮೆಲ್ಲಗೆ ಚುಚ್ಚಿದರು. ನೀಲಕ್ಕ ಅಕ್ಕಿಯನ್ನು ತಾಟಿಗೆ ಸುರಿದು ನೇರವಾಗಿ ಕೇಳಿದರು, “ಆ ಕುಂಬಾರವಾಡದಾಗ ಯಾರ ಅದಾರ ನಿನಗ?”

ಕೋಣೆಯಲ್ಲಿ ಇದ್ದವರಿಗೆಲ್ಲ ಆ ಪ್ರಶ್ನೆಯ ಅರ್ಥ ತಿಳಿದಿತ್ತು.

“ಯಾರೂ ಇಲ್ರಿ,” ಎಂದಳು ಸ್ವಪ್ನಾ. “ಅಲ್ಲಿ ನಾ ಇರ್ತೇನಿ.”

ಆಮೇಲೆ ಗಂಡಸರ ಕಡೆ ತಿರುಗಿದಳು. ಮದುವೆಯ ನಂತರವೂ ಅವಳು ವಸ್ತಿ ಬಿಡುವುದಿಲ್ಲವೆಂದು ತಾಯಿಗೆ ಮೊದಲೇ ತಿಳಿಸುವುದಾಗಿ ಬಾಳೇಶ ಅವಳಿಗೆ ಮಾತು ಕೊಟ್ಟಿದ್ದ.

“ಹೇಳೀರೇನು?”

“ಇಲ್ಲ,” ಎಂದ ಬಾಳೇಶ. ಅವನ ಕಣ್ಣು ಜಮಖಾನೆಯ ಮೇಲಿತ್ತು. “ಈಗ ಹೂಂ ಅಂದುಬಿಡು ಸ್ವಪ್ನಾ. ಮುಂದ ನೋಡೂಣು.”

“ಮುಂದ ನೋಡೂದು ನನಗ ಬ್ಯಾಡ. ಹೇಳಿ ಬರ್ರಿ, ನಾ ಕಾಯ್ತೇನಿ.”

ಗಂಡಿನ ಕಡೆಯವರು ಊಟ ಮಾಡದೆ ಎದ್ದುಹೋದರು. ಮುದಕಪ್ಪನವರು ಅಂದಿನಿಂದ ಮಗಳೊಡನೆ ಮಾತು ಬಿಟ್ಟರು. ನಳದ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ತುಂಬುವ ಮುಂಚೆಯೇ ಎತ್ತಿಕೊಳ್ಳುತ್ತಿದ್ದರು. ಕೈಗೆ ಬಂದ ಗಂಡನ್ನು ಒಂದು ರಾತ್ರಿಯ ನಿದ್ದೆಗಾಗಿ ಕಳೆದುಕೊಂಡಳೆಂದು ನನ್ನೆದುರಿಗೂ ಆಡಿದರು. ಅದು ನಿದ್ದೆಯ ಪ್ರಶ್ನೆಯಲ್ಲವೆಂದು ನಾನು ಹೇಳಿದೆ. ಹೆಚ್ಚು ವಿವರಿಸಲು ನನಗೂ ಆಗಲಿಲ್ಲ. ಅವಳು ಮಾತ್ರ ಒಂದು ವಸ್ತಿಯನ್ನೂ ತಪ್ಪಿಸಲಿಲ್ಲ.

ಬಾಳೇಶ ಬಸ್ಸು ಹತ್ತುವುದನ್ನು ಬಿಡಲಿಲ್ಲ. ಮೂರು ವರ್ಷ ಒಂದೇ ಊರಿಗೆ ಹೋದವನನ್ನು ಅವಳು ಈಗ ಪರವೂರಿನವನಂತೆ “ಎಲ್ಲಿಗ್ರೀ?” ಎಂದು ಕೇಳುತ್ತಿದ್ದಳು. ಅವನು ಊರು ಹೇಳುತ್ತಿದ್ದ, ಅವಳು ಟಿಕೆಟ್ ಹರಿದು ಮುಂದಿನ ಸೀಟಿಗೆ ಹೋಗುತ್ತಿದ್ದಳು. ದಸರೆ ಸಮೀಪಿಸಿದ್ದ ಒಂದು ದಿನ ಹಾಗೆಯೇ ಕೇಳಿದಾಗ ಅವನು, “ಜೋಯಿಡಾ. ಅವ್ವಗ ಹೇಳೇನಿ,” ಎಂದನಂತೆ.

“ಏನಂದ್ರು?”

“ಬೈದ್ಲು.”

“ಮತ್ತ?”

“ಮತ್ತೊಮ್ಮಿ ಹೇಳಿದೆ. ಮತ್ತ ಬೈದ್ಲು. ನಿನ್ನಿ ಅಪ್ಪಗೂ ಹೇಳೇನಿ.”

ಅವಳು ಟಿಕೆಟ್ ಕೊಟ್ಟಳು. ಆದರೆ ಮುಂದಿನ ಸೀಟಿಗೆ ಹೋಗಲು ಸ್ವಲ್ಪ ತಡ ಮಾಡಿದಳೆಂದು ಅದೇ ಬಸ್ಸಿನಲ್ಲಿದ್ದ ನನ್ನ ತಮ್ಮ ಹೇಳಿದ.

ದೀಪಾವಳಿಯ ನಂತರ ನೀಲಕ್ಕ ಬಂದು ಉಡಿ ತುಂಬಿದರು. ವಸ್ತಿಯ ಹೆಸರನ್ನೂ ಎತ್ತಲಿಲ್ಲ, ಒಪ್ಪಿದೆನೆಂದೂ ಹೇಳಲಿಲ್ಲ. ಮದುವೆ ಹಳಿಯಾಳದಲ್ಲಿ ಆಯಿತು. ಮುದಕಪ್ಪನವರು ಮಗಳಿಗೆ ಅಕ್ಷತೆ ಹಾಕುವಾಗ ಮಾತು ಬಿಟ್ಟಿದ್ದನ್ನು ಮರೆತು, ಸೀರೆಯ ನೆರಿಗೆ ಸರಿಮಾಡಿಕೊಳ್ಳೆಂದು ಗದರಿದರು.

ರಜೆ ಮುಗಿದ ಮೇಲಿನ ಮೊದಲ ವಸ್ತಿಯ ದಿನ ನಾನು ಅವಳ ಗಂಡನ ಮನೆ ನೋಡಲೆಂದು ತೇರಗಾಂವಕ್ಕೆ ಹೋಗಿದ್ದೆ. ನೀಲಕ್ಕ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸ್ವಪ್ನಾ ಖಾಕಿ ಅಂಗಿ ತೊಟ್ಟು ಹೊರಬಂದಳು. ಬಾಳೇಶ ಅವಳನ್ನು ದಾಂಡೇಲಿಯ ಡಿಪೋಗೆ ಬಿಡಲು ಅಂಗಳದಲ್ಲಿ ಬೈಕು ತಿರುಗಿಸುತ್ತಿದ್ದ.

“ನಾ ಒಪ್ಪಿಲ್ಲ ಮತ್ತ, ತಿಳಕೋ,” ಎಂದರು ನೀಲಕ್ಕ, ತಲೆಯೆತ್ತದೆ.

“ತಿಳಕೊಂಡೇನ್ರಿ ಅತ್ತಿ,” ಎಂದಳು ಸ್ವಪ್ನಾ, ಚಪ್ಪಲಿ ಮೆಟ್ಟುತ್ತ. “ನಾಳೆ ಬರ್ತೇನಿ.”