ರಬ್ಬರ್ ಕಪ್ಪೆಯೊಳಗಿನ ಕಾಫಿ ಬೀಜ

ದೆವ್ವ, ಗಾಳಿ, ಸೋಂಕು ಇತ್ಯಾದಿಗಳ ವಿಷಯದಲ್ಲಿ ನಾನು ಬಹಳ ಕಾಲ ಉಡಾಫೆಯ ಮನುಷ್ಯನಾಗಿದ್ದೆ. ಬಾಳ್ಳುಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಉಡಾಫೆ ತಾನಾಗಿಯೇ ಬರುತ್ತದೆ. ಒಂದು ತೋಟದಲ್ಲಿ ಮೋಟಾರು ಯಾರೂ ಮುಟ್ಟದೆ ಚಾಲೂ ಆಗುತ್ತದೆ ಎಂದು ಹೆದರಿ ನಿಂಬೆಹಣ್ಣು ಕಟ್ಟಿದ್ದರು. ನಾನು ಹೋಗಿ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ, ಒಳಗೆ ಸುಟ್ಟು ಕರಕಲಾಗಿದ್ದ ಹಲ್ಲಿಯನ್ನು ತೋರಿಸಿ ನಕ್ಕು ಬಂದಿದ್ದೆ. ಪೆಟ್ಟಿಗೆ ಬಿಚ್ಚಿದರೆ ಒಳಗೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿದವನು ನಾನು. ನಾನು ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದಿಲ್ಲ. ಇನ್ನೊಬ್ಬರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಇಂಥ ಸಂಗತಿಗಳೆಲ್ಲ ಅಮಾವಾಸ್ಯೆಯ ಸರಿರಾತ್ರಿಯಲ್ಲಿ ನಡೆಯುತ್ತವಂತೆ. ನನ್ನದು ನಡೆದದ್ದು ಅಮಾವಾಸ್ಯೆಯ ಹಿಂದಿನ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ, ಬಿಸಿಲಿನಲ್ಲಿ.

ನನ್ನ ಅಕ್ಕನ ಗಂಡ ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ವಾರವಿಡೀ ಆಳುಗಳ ಹಾಜರಿ, ಗೊಬ್ಬರ, ಕಾಫಿ ಕಣ ಎಂದು ಓಡಾಡಿದವರು ಭಾನುವಾರ ಬೆಳಗಿನ ಬಸ್ಸಿಗೆ ಬಾಳ್ಳುಪೇಟೆಗೆ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಇಬ್ಬರೂ ನನ್ನ ಬೈಕಿನಲ್ಲಿ ಆಲೂರು ಕಡೆಯ ಹಿನ್ನೀರಿಗೆ ಹೋಗಿ ದಡದಲ್ಲಿ ನಿಂತು ಗಾಳ ಹಾಕುತ್ತಿದ್ದೆವು. ಜೊಂಡಿನಲ್ಲಿ ಅಡಗಿ ಕೂತು ಕಪ್ಪೆ ನುಂಗುವ ಔಲು ಮೀನು ನಮ್ಮ ಗುರಿ. ಮೀನು ಹಿಡಿಯುವುದಕ್ಕಿಂತ ಹೊರಡುವ ಮುಂಚಿನ ಚರ್ಚೆಯೇ ದೊಡ್ಡದು. ಮೊನ್ನೆ ಮಳೆ ಬಂದಿದೆ, ನೀರು ಕದಡಿರುತ್ತದೆ, ಗಾಳಕ್ಕೆ ಕಟ್ಟುವ ರಬ್ಬರ್ ಆಮಿಷ ಕಪ್ಪು ಬಣ್ಣದ್ದೇ ಬೇಕು. ತಿಳಿಯಾಗಿದ್ದರೆ ಹಸಿರು. ಜೊಂಡು ದಟ್ಟವಾಗಿದ್ದರೆ ಕೊಕ್ಕೆ ಹೊಟ್ಟೆಗೆ ಒತ್ತಿಕೊಂಡಿರುವ ರಬ್ಬರ್ ಕಪ್ಪೆ, ಬಯಲು ನೀರಾದರೆ ಸಣ್ಣ ಸೀಸದ ಗುಂಡು ಕಟ್ಟಿದ ರಬ್ಬರ್ ಹುಳು. ಗಾಳದ ರಾಡು ಗಟ್ಟಿ ಇರಬೇಕೋ ಬಳುಕಬೇಕೋ, ದಾರ ಹೆಣೆದದ್ದೋ ನೈಲಾನಿನದೋ. ಅಂಗಡಿಗೆ ಬಂದ ಗಿರಾಕಿಗಳು ಕಾದು ಸಾಕಾಗಿ ಬೈದುಕೊಂಡು ಹೋಗುತ್ತಿದ್ದರು.

ಮೊದಮೊದಲು ಭಾವನಿಗೆ ರಬ್ಬರ್ ಸಾಮಾನೆಂದರೆ ತಾತ್ಸಾರವಿತ್ತು. ಗದ್ದೆಯಲ್ಲಿ ಬೇಕಾದಷ್ಟು ಕಪ್ಪೆ ಕೂಗುತ್ತಿರುವಾಗ ನಾನು ಪಾರ್ಸೆಲ್‌ನಲ್ಲಿ ಕಪ್ಪೆ ತರಿಸಿದ್ದೇನೆಂದು ಬಸ್ಸಿನಲ್ಲೆಲ್ಲ ಹೇಳಿ ನಗಿಸಿದ್ದರು. ಆಮೇಲೆ ನೋಡಿದರೆ ನನಗಿಂತ ಅವರೇ ಅದಕ್ಕೆ ಮರುಳಾದರು. ಒಂದು ದಿನ ಜೇಬಿನಿಂದ ಪೀಬೆರಿ ತೆಗೆದರು. ಕಾಫಿ ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಬೆಳೆದು ಗುಂಡಗಾಗುತ್ತದಲ್ಲ, ಆ ಬೀಜ. ರಬ್ಬರ್ ಕಪ್ಪೆಯ ಟೊಳ್ಳು ಹೊಟ್ಟೆಗೆ ಅದನ್ನು ತುರುಕಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಲ್ ಗಲ್ ಎಂದಿತು.

"ಜೀವ ಅಂತೂ ಇಲ್ಲ, ಸದ್ದಾದ್ರೂ ಇರ್ಲಿ ಬಿಡೋ ಮಾರಾಯ," ಎಂದರು.

ಆ ಸದ್ದಿಗೇ ಮೀನು ಬರುತ್ತಿತ್ತೋ ಏನೋ ನನಗೆ ಗೊತ್ತಿಲ್ಲ. ಆದರೆ ಬೀಜ ಒಣಗಿರಬೇಕಿತ್ತು. ನೆನೆದರೆ ಉಬ್ಬಿ ಸದ್ದು ನಿಂತುಬಿಡುತ್ತದೆ. ಆದ್ದರಿಂದ ನಾಲ್ಕು ಸಲ ಎಸೆದ ಮೇಲೊಮ್ಮೆ ಭಾವ ಕಪ್ಪೆಯನ್ನು ಹಿಂಡಿ ನೀರು ತೆಗೆದು, ಬೀಜ ಬದಲಿಸುತ್ತಿದ್ದರು. ಅವರ ಇನ್ನೊಂದು ಕಟ್ಟುನಿಟ್ಟು, ಗಾಳ ಮರದ ಬೊಡ್ಡೆಗೆ ಸಿಕ್ಕಿಕೊಂಡರೆ ದಾರ ಕತ್ತರಿಸಿ ಎದ್ದು ಬರಬೇಕು, ನೀರಿಗೆ ಮಾತ್ರ ಇಳಿಯಬಾರದು. ಹಿನ್ನೀರಿನ ತಳದಲ್ಲಿ ಹಳೆಯ ಗದ್ದೆ, ಬಾವಿ, ಗುಂಡಿ ಎಲ್ಲ ಮುಳುಗಿಕೊಂಡಿವೆ. ಭಾವನಿಗೆ ಈಜು ಬೇರೆ ಬರುತ್ತಿರಲಿಲ್ಲ.

ನನ್ನ ಹತ್ತಿರ ಒಂದು ಕಪ್ಪು ಕಪ್ಪೆ ಇತ್ತು, ಹೊಟ್ಟೆ ಹಳದಿ. ಅದರ ಎಡಗಾಲನ್ನು ಒಂದು ಔಲು ಹರಿದಿತ್ತು. ನಾನು ಮೋಟಾರಿಗೆ ಸುತ್ತುವ ತಾಮ್ರದ ತಂತಿಯಿಂದ ಅದನ್ನು ಬಿಗಿದು ಕಟ್ಟಿದ್ದೆ. ಬೇರೆ ಯಾವುದಕ್ಕೂ ಬೀಳದ ಮೀನು ಅದಕ್ಕೆ ಬೀಳುತ್ತಿತ್ತು. ಅದನ್ನು ನಾನು ಯಾರಿಗೂ ಕೊಡುತ್ತಿರಲಿಲ್ಲ.

ಅದು ಮಾರ್ಚ್ ತಿಂಗಳ ಒಂದು ಭಾನುವಾರ. ಕಾಫಿ ಹೂವಿಗೆ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಓಡುವ ಕಾಲ. ಒಬ್ಬರ ಮೋಟಾರು ಸುಟ್ಟುಹೋಗಿತ್ತು, ಅವತ್ತೇ ಆಗಬೇಕಿತ್ತು. ನಾನು ಬರಲಾರೆ ಎಂದು ಭಾವನಿಗೆ ನನ್ನ ಬೈಕು, ರಾಡು ಎರಡನ್ನೂ ಕೊಟ್ಟೆ. ಅವರು ಪೆಟ್ಟಿಗೆಯಲ್ಲಿ ಕೈಯಾಡಿಸಿ ಸೀದಾ ಆ ಕಪ್ಪೆಯನ್ನೇ ಎತ್ತಿಕೊಂಡು ನನ್ನ ಮುಖ ನೋಡಿದರು. ಇಲ್ಲ ಎನ್ನಲಾಗಲಿಲ್ಲ. ಅಕ್ಕನ ಗಂಡನೊಡನೆ ತಮಾಷೆ ಮಾಡುವುದು ನಮ್ಮಲ್ಲಿ ಭಾಮೈದನ ಹಕ್ಕು. ನಾನೂ ಮಾಡಿದೆ.

"ಭಾವ, ನೀವು ಬರ್ದಿದ್ರೂ ಚಿಂತೆ ಇಲ್ಲ, ನನ್ ಕಪ್ಪೆ ಮಾತ್ರ ವಾಪಸ್ ಬರ್ಬೇಕು," ಎಂದೆ.

"ತಂದ್ಕೊಡ್ತೀನಿ ಬಿಡೋ ಮಾರಾಯ," ಎಂದು ನಗುತ್ತ ಬೈಕು ಹತ್ತಿದರು.

ಸಂಜೆಯಾದರೂ ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ದಡದಲ್ಲಿ ಚಪ್ಪಲಿ, ಮಡಿಸಿಟ್ಟ ಅಂಗಿ, ಕವೆಗೋಲಿಗೆ ಒರಗಿಸಿದ್ದ ರಾಡು ಸಿಕ್ಕಿದವು. ದಾರ ಅರ್ಧಕ್ಕೆ ತುಂಡಾಗಿತ್ತು. ಮಾರನೆಯ ದಿನ ಹರಿಗೋಲಿನವರು ಭಾವನನ್ನು ಎತ್ತಿದರು, ನೀರಿನಲ್ಲಿ ನಿಂತಿದ್ದ ಮತ್ತಿಮರದ ಬೊಡ್ಡೆಗೆ ನಾಲ್ಕು ಮಾರು ಈಚೆಗೆ. ಗಾಳ ಬೊಡ್ಡೆಗೆ ಸಿಕ್ಕಿಕೊಂಡಿತ್ತೆಂದೂ ಅದನ್ನು ಬಿಡಿಸಲು ಇಳಿದರೆಂದೂ ಎಲ್ಲರಿಗೂ ಅರ್ಥವಾಯಿತು. ತಮ್ಮ ಕಪ್ಪೆಯಾಗಿದ್ದರೆ ದಾರ ಕತ್ತರಿಸಿ ಎದ್ದು ಬರುತ್ತಿದ್ದರು. ಅದು ನನ್ನದಾಗಿತ್ತು. ಈ ಮಾತು ನನ್ನೊಬ್ಬನಿಗೇ ಗೊತ್ತಿತ್ತು. ಕಪ್ಪೆ ಬೊಡ್ಡೆಯಲ್ಲೂ ಸಿಗಲಿಲ್ಲ, ಅವರ ಕೈಯಲ್ಲೂ ಇರಲಿಲ್ಲ.

ಅಕ್ಕ ಹೆಚ್ಚು ಅಳಲಿಲ್ಲ. ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು, ಅವಳನ್ನು ಕಾಲೇಜಿಗೆ ವಾಪಸ್ ಕಳಿಸಿ, ತಮ್ಮ ಒಂದೂವರೆ ಎಕರೆ ಕಾಫಿಯನ್ನು ತಾನೇ ನೋಡಿಕೊಂಡಳು. ಆದರೆ ನಾನು ಹೋದಾಗಲೆಲ್ಲ ಒಂದನ್ನು ಕೇಳುತ್ತಿದ್ದಳು. ಈಜು ಬಾರದ ಮನುಷ್ಯ ನೀರಿಗೆ ಯಾಕೆ ಇಳಿದರು, ಅವತ್ತು ಅಂಗಡಿಯಲ್ಲಿ ಏನು ಮಾತಾಡಿದರು, ನೀನು ಏನಂದೆ, ನನ್ನ ವಿಷಯ ಏನಾದರೂ ಅಂದರಾ. ನಾನು ಏನೂ ಇಲ್ಲ ಅಕ್ಕ, ಹುಷಾರು ಅಂದೆ ಅಷ್ಟೆ, ಎನ್ನುತ್ತಿದ್ದೆ. ಪ್ರತಿ ಸಲವೂ ಅದನ್ನೇ ಹೇಳಿದೆ. ಗಾಳದ ಪೆಟ್ಟಿಗೆಯನ್ನು ಅಂಗಡಿಯ ಅಟ್ಟಕ್ಕೆ ಎಸೆದೆ. ಭಾನುವಾರವೂ ಅಂಗಡಿ ತೆರೆಯತೊಡಗಿದೆ.

ಎರಡನೆಯ ವರ್ಷದ ಮಹಾಲಯಕ್ಕೆ ಅಕ್ಕ ಫೋನ್ ಮಾಡಿದಳು. ತೀರಿಕೊಂಡವರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದದ್ದನ್ನು ಬಡಿಸುವುದು ನಮ್ಮ ಪದ್ಧತಿ. ಭಾವನ ಎಡೆಗೆ ಔಲು ಸಾರು ಆಗಬೇಕು, ಪೇಟೆಯಿಂದ ತಂದದ್ದಲ್ಲ, ನೀನೇ ಹಿಡಿದು ತಾ ಎಂದಳು. ಆಗುವುದಿಲ್ಲ ಎನ್ನುವ ಯೋಗ್ಯತೆ ನನಗಿರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದು ಹಿನ್ನೀರು ತುಂಬಿತ್ತು. ಮತ್ತಿಮರದ ಬೊಡ್ಡೆ ಪೂರ್ತಿ ಮುಳುಗಿತ್ತು. ಬೇರೆ ಕಡೆ ನಿಲ್ಲಬೇಕೆಂದೇ ಹೋದವನು ಅದೇ ಜಾಗದಲ್ಲಿ ನಿಂತಿದ್ದೆ. ನೀರು ತಿಳಿಯಾಗಿತ್ತು, ಹೊಸ ಹಸಿರು ಕಪ್ಪೆ ಕಟ್ಟಿದೆ. ಒಳಗೆ ಬೀಜ ಹಾಕಲಿಲ್ಲ, ಮನಸ್ಸು ಬರಲಿಲ್ಲ. ಮೂರನೆಯ ಸಲ ಎಸೆದಾಗ ಅದು ಸಿಕ್ಕಿಕೊಂಡಿತು. ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ, ಜಗ್ಗಲಿಲ್ಲ. ದಾರ ಕತ್ತರಿಸಲು ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದೆ. ಕೈ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿಕೊಂಡರೆ ಚಪ್ಪಲಿ ದಡದಲ್ಲಿತ್ತು, ನಾನು ಮೊಣಕಾಲುದ್ದ ನೀರಿನಲ್ಲಿದ್ದೆ. ಯಾವಾಗ ಇಳಿದೆನೋ ಗೊತ್ತಿಲ್ಲ. ಮುಂದಿನ ಹೆಜ್ಜೆ ಇಡಬೇಕು ಅನ್ನಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಹೆದರಿಕೆಯೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ, ಇಳಿದುಬಿಟ್ಟರೆ ಸಮಾಧಾನ ಅನ್ನಿಸುತ್ತಿತ್ತು.

ಅಷ್ಟರಲ್ಲಿ ದಾರ ಎರಡು ಸಲ ಮೆಲ್ಲಗೆ ಜಗ್ಗಿ ಸಡಿಲವಾಯಿತು. ಮೀನು ಎಳೆಯುವುದು ಹಾಗಲ್ಲ, ಅದು ನನಗೆ ಗೊತ್ತು. ಯಾರೋ ಬಿಡಿಸಿ ಕೈಬಿಟ್ಟ ಹಾಗಿತ್ತು. ಹಿಂದಕ್ಕೆ ಬಂದು ರೀಲು ಸುತ್ತಿದೆ. ಹಸಿರು ಕಪ್ಪೆ ಬಂತು. ಅದರ ಕೊಕ್ಕೆಯಲ್ಲಿ ಇನ್ನೊಂದು ಕಪ್ಪೆ ಇತ್ತು.

ಬಣ್ಣ ಮಾಸಿತ್ತು. ಕೊಕ್ಕೆ ತುಕ್ಕು ಹಿಡಿದು ಮುಟ್ಟಿದರೆ ಉದುರುವಂತಿತ್ತು. ಎಡಗಾಲಿನಲ್ಲಿ ನಾನು ಸುತ್ತಿದ್ದ ತಾಮ್ರದ ತಂತಿ ಕಿಲುಬು ಹಿಡಿದು ಹಸಿರಾಗಿತ್ತು. ಇಲ್ಲಿಯವರೆಗೂ ವಿಚಿತ್ರವೇನಿಲ್ಲ, ಬೊಡ್ಡೆಯಲ್ಲಿ ಉಳಿದದ್ದು ನನ್ನ ಗಾಳಕ್ಕೆ ಸಿಕ್ಕಿ ಬಂತು ಎಂದರಾಯಿತು. ಆದರೆ ಅದನ್ನು ಕೈಗೆ ತೆಗೆದುಕೊಂಡಾಗ ಒಳಗೆ ಗಲ್ ಗಲ್ ಎಂದಿತು. ಹಿಂಡಿದೆ. ಒಂದು ಹನಿ ನೀರು ಬರಲಿಲ್ಲ. ಎರಡು ಮಳೆಗಾಲ ನೀರಿನಡಿ ಬಿದ್ದಿದ್ದ ಟೊಳ್ಳು ರಬ್ಬರು, ಯಾರೋ ಈಗತಾನೆ ಹಿಂಡಿ ಬೀಜ ಬದಲಿಸಿ ಕೊಟ್ಟ ಹಾಗಿತ್ತು.

ನಾನು ಮೀನು ಹಿಡಿಯದೆ ಸೀದಾ ಹಾನುಬಾಳಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಮಾರನೆಯ ದಿನಕ್ಕೆ ಮಸಾಲೆ ಹುರಿಯುತ್ತಿದ್ದಳು. ಕಪ್ಪೆಯನ್ನು ಅವಳೆದುರು ಇಟ್ಟು, ಹೊಟ್ಟೆಯನ್ನು ಒತ್ತಿ ಬೀಜ ಹೊರಗೆ ತೆಗೆದೆ. ಒಂದು ಪೀಬೆರಿ. ಅಕ್ಕ ಅದನ್ನು ಹಲ್ಲಿಗೆ ಕೊಟ್ಟು ಕಚ್ಚಿದಳು. ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ನೋಡಲು ನಮ್ಮವರೆಲ್ಲ ಮಾಡುವುದೇ ಹಾಗೆ. ಕಟ್ ಎಂದು ಎರಡು ಹೋಳಾಯಿತು.

"ಚೆನ್ನಾಗಿ ಒಣಗೈತೆ," ಎಂದಳು.

ಆಗ ನಾನು ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಭಾವ ಆ ಕಪ್ಪೆಯನ್ನು ಎತ್ತಿಕೊಂಡದ್ದು, ನೀವು ಬರದಿದ್ದರೂ ಚಿಂತೆಯಿಲ್ಲ ಎಂದು ನಾನು ಅಂದದ್ದು, ಅವರು ತಂದುಕೊಡುತ್ತೇನೆ ಎಂದದ್ದು, ಇವತ್ತು ಅದು ನೀರಿನಿಂದ ನನ್ನ ಗಾಳಕ್ಕೆ ಬಂದದ್ದು. ಹೇಳುತ್ತ ನಾನು ಅತ್ತುಬಿಟ್ಟೆ. ಅಕ್ಕ ಬೈಯುತ್ತಾಳೆ, ಹೊಡೆಯುತ್ತಾಳೆ, ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಆರಿಸಿ, ಅಂಗೈಯಲ್ಲಿದ್ದ ಎರಡು ಹೋಳುಗಳನ್ನು ಒಂದಕ್ಕೊಂದು ಜೋಡಿಸಿದಳು.

"ಅವತ್ತು ನೆಂಟ್ರ ಮನೆ ನಾಮಕರಣಕ್ಕೆ ಬರ್ಲಿಲ್ಲ ಅಂತ ಅವ್ರ ಹತ್ರ ಮಾತು ಬಿಟ್ಟಿದ್ದೆ ಕಣೋ," ಎಂದಳು. "ಬಾಗಿಲಲ್ಲಿ ನಿಂತು ಹೋಗ್ಬರ್ತೀನಿ ಅಂದ್ರು. ಹ್ಞೂಂ ಅಂತಾನೂ ಅನ್ಲಿಲ್ಲ ನಾನು. ನೀನು ಕಪ್ಪೆ ಕೇಳ್ದೆ, ತಂದ್ಕೊಟ್ಬುಟ್ರು. ನಾನು ಏನೂ ಕೇಳ್ಲೇ ಇಲ್ವಲ್ಲೋ."

ಇಷ್ಟು ದಿನ ಅವಳು ನನ್ನನ್ನು ಕೇಳುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಮಾರನೆಯ ದಿನದ ಎಡೆಯಲ್ಲಿ ಮೀನಿರಲಿಲ್ಲ. ಬೀಜದ ಎರಡು ಹೋಳುಗಳನ್ನು ಎಲೆಯ ತುದಿಯಲ್ಲಿಟ್ಟಳು.

ಆ ಕಪ್ಪೆ ಈಗಲೂ ನನ್ನ ಅಂಗಡಿಯ ಡ್ರಾಯರಿನಲ್ಲಿದೆ. ಕೊಯ್ದು ನೋಡಿದ್ದೇನೆ. ಎಲ್ಲೋ ಗಾಳಿ ಸೇರಿ ನೀರು ನುಗ್ಗಲಿಲ್ಲವೇನೋ ಎಂದು ಬಕೆಟ್ಟಿನಲ್ಲಿ ಅಂಥದೇ ಇನ್ನೊಂದು ಕಪ್ಪೆ ಮುಳುಗಿಸಿ ಪರೀಕ್ಷೆ ಮಾಡಿದೆ, ಸಂಜೆಯೊಳಗೆ ಹೊಟ್ಟೆ ತುಂಬ ನೀರು, ಬೀಜ ಉಬ್ಬಿಹೋಗಿತ್ತು. ಬಿಚ್ಚಿದ ಮೇಲೂ ಒಳಗೆ ಕಾರಣ ಕಾಣದೆ ನಾನು ಹಾಗೇ ಮುಚ್ಚಿಟ್ಟದ್ದು ಇದೊಂದನ್ನೇ.

ಹಾನುಬಾಳಿಗೆ ಈಗಲೂ ಹೋಗುತ್ತಿರುತ್ತೇನೆ. ವಾಪಸ್ ಹೊರಟಾಗ ಅಕ್ಕ ಎಷ್ಟೇ ಕೆಲಸವಿದ್ದರೂ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಾಳೆ, ಹೋಗಿ ಬಾ ಎನ್ನುತ್ತಾಳೆ. ನಾನು ಬರ್ತೀನಿ ಅಕ್ಕ ಎಂದು ಬಾಯಿಬಿಟ್ಟು ಹೇಳುವವರೆಗೂ ಅಲ್ಲಿಂದ ಕದಲುವುದಿಲ್ಲ.