ವಾಲ್ವಣ್ಣನ ಮೂರು ಮಾತು

ಗ್ಯಾಸಿನ ದೊಡ್ಡ ಕೊಳವೆ ನೆರೆದೇಶಕ್ಕೆ ದಾಟುವ ಕಡೆ, ಗಡಿಬೇಲಿಯ ಈಚೆಗೆ, ಒಂದು ತಗಡಿನ ಕೋಣೆ. ಅದರೊಳಗಿನ ವಾಲ್ವಿನ ಕಬ್ಬಿಣದ ಚಕ್ರ ತಿರುಗಿಸುವುದೇ ವಾಲ್ವಣ್ಣನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಅವನೇ ಅಕ್ಕಪಕ್ಕ ನೋಡುತ್ತಾನೆ. ಆ ಬಿಗಿ ಚಕ್ರ ತಿರುಗಿಸಿ ತಿರುಗಿಸಿ ಅವನ ತೋಳು ಎಷ್ಟು ದಪ್ಪವಾಗಿದೆಯೆಂದರೆ, ದರ್ಜಿ ಅವನ ಅಂಗಿಯ ತೋಳಿಗೆ ಪ್ಯಾಂಟಿನ ಅಳತೆ ಹಿಡಿಯುತ್ತಾನೆ.

ಬೇಲಿಯಾಚೆಗೂ ಇಂಥದೇ ಕೋಣೆ, ಇಂಥದೇ ಚಕ್ರ. ಅದನ್ನು ತಿರುಗಿಸುವವನು ವಾಲ್ವಣ್ಣನ ಬಾಮೈದ. ನಡುವೆ ಒಂದು ಕೆಂಪು ಫೋನು. ಅದರಲ್ಲಿ ಮೂರೇ ಮಾತಿಗೆ ಅಪ್ಪಣೆ: ‘ತೆರೆ’, ‘ಮುಚ್ಚು’, ‘ಆಯ್ತು’. ನಾಲ್ಕನೆಯದು ಬಾಯಿಗೆ ಬಂದರೆ ಕೆಲಸಕ್ಕೆ ಸಂಚಕಾರ. ಎರಡೂ ರಾಜಧಾನಿಗಳಲ್ಲಿ ಕಿವಿಗೊಟ್ಟು ಕೂತವರಿದ್ದಾರೆ. ಭಾವ ಬಾಮೈದರು ಆ ‘ಆಯ್ತು’ ಒಂದರಲ್ಲೇ ನೆಂಟಸ್ತನ ನಡೆಸಿದ್ದರು. ಮೊಟಕು ಆಯ್ತು ಎಂದರೆ ಎಲ್ಲ ಸೌಖ್ಯ. ಎಳೆದ ಆಯ್ತು ಎಂದರೆ ಅತ್ತೆಗೆ ಮಂಡಿನೋವು. ಮೂಗಿನಲ್ಲಿ ಬಂದ ಆಯ್ತು ಎಂದರೆ ಮನೆಯಲ್ಲಿ ಯಾರಿಗೋ ವಾಲ್ವಣ್ಣನ ಮೇಲೆ ಸಿಟ್ಟು.

ಅತ್ತೆಯ ಮಂಡಿ ಆಪರೇಷನ್ನಿಗೆಂದು ಹೆಂಡತಿ ಆಚೆ ತವರಿಗೆ ಹೋದಳು. ಅವಳು ಹೋದ ವಾರವೇ ಗ್ಯಾಸಿನ ದರಕ್ಕಾಗಿ ಎರಡು ದೇಶಗಳ ಮಂತ್ರಿಗಳು ಜುಟ್ಟು ಹಿಡಿದು ಎಳೆದಾಡಿದರು. ರಾಯಭಾರಿಗಳು ಗಂಟುಮೂಟೆ ಕಟ್ಟಿದರು. ಗಡಿಯ ಗೇಟು ಬಿತ್ತು, ಊರಿನ ಫೋನುಗಳು ಸತ್ತವು. ವಾಲ್ವಣ್ಣನ ಮೇಲಿನ ಸಾಹೇಬರು ಏದುಸಿರು ಬಿಡುತ್ತ ಬಂದರು.

“ಮುಚ್ಚಯ್ಯಾ!”

“ಸಾರ್, ಆಚೆ ನಮ್ಮತ್ತೆ ಕಾಲಿಗೆ ಬಿಸಿನೀರು ಕಾಯಿಸ್ತಿರ್ತಾರೆ.”

“ದೇಶದ ಮಾನ ದೊಡ್ಡದೋ, ನಿಮ್ಮತ್ತೆ ಮಂಡಿ ದೊಡ್ಡದೋ?”

“ನೀವು ಮಂಡಿ ನೋಡಿಲ್ಲ ಸಾರ್.”

ಮುಚ್ಚಿದ. ಫೋನೆತ್ತಿ “ಮುಚ್ಚು” ಅಂದ. ಆಚೆಯಿಂದ ಮೂಗಿನಲ್ಲಿ ಬಂದ ‘ಆಯ್ತು’ಗೆ ಅವನ ಕಿವಿಯೊಳಗಿನ ಗುಗ್ಗೆಯೆಲ್ಲ ಕರಗಿತು.

ಮನೆಗೆ ಬಂದರೆ ಅಲ್ಲೂ ಒಲೆ ತಣ್ಣಗೆ. ಕೊಳವೆ ಹಾದುಹೋಗುವುದು ಅವನ ಅಡುಗೆಮನೆಯ ಕೆಳಗೇ, ಕಿವಿಯಿಟ್ಟರೆ ಬುಸ್ಸೆನ್ನುವುದು ಕೇಳಿಸುತ್ತಿತ್ತು. ಆದರೆ ಅದು ರಫ್ತಿನ ಗ್ಯಾಸು, ಊರಿನವರಿಗಲ್ಲ. ಅವನ ಪಾಲಿಗಿದ್ದ ಸಿಲಿಂಡರು ಹೆಂಡತಿ ಹೋದ ಮೇಲೆ ಖಾಲಿಯಾಗಿ, ಹೊಸದು ಬಂದೇ ಇರಲಿಲ್ಲ. ಒಣ ಬ್ರೆಡ್ಡು ಜಗಿಯುತ್ತ, ಟೀವಿಯಲ್ಲಿ ಬಂದ ಮಂತ್ರಿಗಳನ್ನೆಲ್ಲ ವಂಶಸಮೇತ ಬಯ್ಯುತ್ತ ಕೂತ. ಬೈಗುಳ ಮುಗಿದುಹೋಗಿ ಪಕ್ಕದ ಮನೆಯವರಿಂದ ಕಡ ತಂದ.

ಕೊನೆಗೊಮ್ಮೆ ಮಂತ್ರಿಗಳು ಟೀವಿಯಲ್ಲೇ ತಬ್ಬಿಕೊಂಡರು. ಸಾಹೇಬರು ಹಲ್ಲು ಕಿರಿಯುತ್ತ ಬಂದರು. “ತೆರೆಯಯ್ಯಾ!”

ಚಕ್ರದಿಂದ ಹೊಗೆ ಏಳುವಂತೆ ತಿರುಗಿಸಿದ ವಾಲ್ವಣ್ಣ. “ಗೇಟು ಯಾವಾಗ ತೆಗೀತಾರೆ ಸಾರ್? ಇವಳು ಬರ್ಬೇಕು.”

“ಒಪ್ಪಂದ ಆಗಿರೋದು ಗ್ಯಾಸಿಗೆ ಕಣಯ್ಯಾ. ಜನರ ವಿಚಾರಕ್ಕೆ ಬೇರೆ ಮಾತುಕತೆ ಆಗ್ಬೇಕು.”

“ಅಂದ್ರೆ ಗಾಳಿ ಹೋಗ್ಬಹುದು, ಹೆಂಡ್ತಿ ಬರೋ ಹಾಗಿಲ್ಲ?”

“ನನ್ನನ್ನೇನು ಕೇಳ್ತೀಯ? ಮೊದ್ಲು ಫೋನ್ ಮಾಡು.”

ಫೋನೆತ್ತಿದ. “ತೆರೆ.”

“ಆಯ್ತು.”

ಹೆಂಗಸಿನ ದನಿ! ಹೆಂಡತಿ ತಮ್ಮನ ಕೈಯಿಂದ ಫೋನು ಕಿತ್ತುಕೊಂಡಿದ್ದಳು. ಅದು ಮೊಟಕೂ ಅಲ್ಲ, ಎಳೆದದ್ದೂ ಅಲ್ಲ, ಮೂಗಿನದೂ ಅಲ್ಲ. ಅವನು ತರಕಾರಿ ತರಲು ಮರೆತು ಬಂದಾಗ ಅವಳು ಬಾಗಿಲಲ್ಲಿ ನಿಂತು ಅನ್ನುತ್ತಿದ್ದ ‘ಆಯ್ತು’. ಊಟ ಆಯ್ತೇನೇ, ಯಾವಾಗ ಬರ್ತೀಯೇ ಎಂಬುದೆಲ್ಲ ಆ ಮೂರು ಮಾತಿನೊಳಗೆ ಇರಲಿಲ್ಲ.

“ತೆರೆ,” ಅಂದ ಇನ್ನೊಮ್ಮೆ.

“ಆಯ್ತು,” ಅಂದಳು, ಈ ಸಲ ಮೆತ್ತಗೆ.

ಕಿಟಕಿಯಾಚೆ ಬೀಗ ಹಾಕಿದ ಗೇಟು ಕಂಡಿತು. ಫೋನು ಹಿಡಿದೇ ಅದರ ಕಡೆ ತಿರುಗಿ, ತಗಡು ಅದುರುವಂತೆ ಅರಚಿದ: “ತೆರೆ!”

ರಾಜಧಾನಿಯಲ್ಲಿ ಕಿವಿಗೊಟ್ಟು ಕೂತವನು ನಡುವೆ ಬಾಯಿ ಹಾಕಿದ. “ಏಯ್, ಎಷ್ಟು ಸಲ ಹೇಳ್ತೀಯಯ್ಯಾ? ಕಿವುಡರೇನು ನಾವು?”

ಅವನಿಗೆ ಮಾತ್ರ ಎಷ್ಟು ಮಾತಿಗೆ ಅಪ್ಪಣೆಯಿತ್ತೋ!